ತಿಮ್ಮಯ್ಯ ರಸ್ತೆಯಿಂದ ಕಠ್ಮಂಡುವಿಗೆ

ಪುಣೆ ಕ್ಯಾಂಪಿನ ಈಸ್ಟ್ ಸ್ಟ್ರೀಟಿನಲ್ಲಿ ಅಂಗಡಿಗಳ ಬೋರ್ಡು ಓದುತ್ತಾ ನಡೆದರೆ ಅಲ್ಲೊಂದು ಇಲ್ಲೊಂದು ಕಡೆ ವಿಳಾಸದ ಸಾಲಿನಲ್ಲಿ ‘ಜನರಲ್ ತಿಮ್ಮಯ್ಯ ರೋಡ್’ ಎಂದು ಕಾಣುತ್ತದೆ. ಇದು ಅದೇ ರಸ್ತೆಯ ಅಧಿಕೃತ ಹೆಸರು. ಕಯಾನಿ ಬೇಕರಿಯ ಮುಂದೆ ಶ್ರೂಸ್‌ಬರಿ ಬಿಸ್ಕತ್ತಿಗೆ ಸಾಲು ನಿಂತ ಜನರ ಬಾಯಲ್ಲಿ ಮಾತ್ರ ಇಂದಿಗೂ ಈಸ್ಟ್ ಸ್ಟ್ರೀಟೇ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು ಇಲ್ಲಿಯ ಸದರ್ನ್ ಕಮಾಂಡಿನ ಮುಖ್ಯಸ್ಥರಾಗಿದ್ದರು, 1957ರಿಂದ 1961ರವರೆಗೆ ಇಡೀ ಭೂಸೇನೆಯನ್ನು ನಡೆಸಿದರು, 1965ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ಹೊಣೆ ಹೊತ್ತಿದ್ದಾಗ ಸೈಪ್ರಸ್‌ನಲ್ಲಿ ತೀರಿಕೊಂಡರು. ಕೊಡಗಿನ ಒಬ್ಬ ಮನುಷ್ಯ ಎಷ್ಟು ದೂರ ಹೋಗಬಲ್ಲ ಎಂಬುದಕ್ಕೆ ಈ ರಸ್ತೆ ಸಾಕ್ಷಿ. ಅದೇ ಕಾಲದಲ್ಲಿ ಕೊಡಗಿನಿಂದ ಹೊರಟ ಒಂದು ವಿಚಾರವೂ ಅಷ್ಟೇ ದೂರ ಹೋಯಿತು. ಅದಕ್ಕೆ ಯಾವ ರಸ್ತೆಯ ಹೆಸರೂ ಇಲ್ಲ.

ಆ ವಿಚಾರವನ್ನು ಕೊಟ್ಟವರು ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. 1916ರಲ್ಲಿ ಹುಟ್ಟಿದ ಅವರು ಮಹಾರಾಜಾ ಕಾಲೇಜಿನಲ್ಲಿ ಓದಿ, ಮುಂಬೈಯಲ್ಲಿ ಜಿ.ಎಸ್. ಘುರ್ಯೆಯವರ ಕೈಕೆಳಗೆ ಪಳಗಿದವರು. ಕೊಡವರ ಬಗ್ಗೆ ಸಾಮಗ್ರಿ ಕೂಡಿಸಿದ್ದು ಆಗಲೇ. ಆಮೇಲೆ ಆಕ್ಸ್‌ಫರ್ಡ್‌ಗೆ ಹೋದಾಗ, ಅಲ್ಲಿಯ ಗುರು ರ‍್ಯಾಡ್‌ಕ್ಲಿಫ್-ಬ್ರೌನ್ ಹೊಸದೇನನ್ನೂ ಹುಡುಕಬೇಡಿ, ಕೈಯಲ್ಲಿರುವ ಕೊಡಗಿನ ಸಾಮಗ್ರಿಯನ್ನೇ ಮತ್ತೆ ನೋಡಿ ಎಂದರು. ಹಾಗೆ ಬಂದ ಪುಸ್ತಕ 1952ರಲ್ಲಿ ಅಚ್ಚಾಯಿತು. ಒಕ್ಕ ಎಂಬ ಮನೆತನ, ಅದರ ಐನ್‌ಮನೆ, ಕೈಲ್‌ಪೊಳ್ದ್, ಪುತ್ತರಿ ಹಬ್ಬಗಳು, ಸಾವಿನ ಸೂತಕ, ಮದುವೆಯ ಶಾಸ್ತ್ರ ಎಲ್ಲದರ ವಿವರ ಅದರಲ್ಲಿದೆ. ಆದರೆ ಜಗತ್ತು ಅದರಿಂದ ಎತ್ತಿಕೊಂಡದ್ದು ಒಂದೇ ಒಂದು ಸಂಗತಿ: ಸಂಸ್ಕೃತೀಕರಣ. ಕೆಳಗಿದ್ದ ಜಾತಿಯೊಂದು ಮೇಲಿನವರ ಆಹಾರ, ಆಚಾರ, ದೇವರು, ಮಡಿಗಳನ್ನು ತನ್ನದಾಗಿಸಿಕೊಂಡು, ಒಂದೆರಡು ತಲೆಮಾರು ದಾಟುವಷ್ಟರಲ್ಲಿ ಮೇಲಿನ ಮೆಟ್ಟಿಲಿಗೆ ಹಕ್ಕು ಸಾಧಿಸುವ ಕ್ರಮ. ಮಾಂಸ ಮದ್ಯ ಬಿಟ್ಟು ಜನಿವಾರ ಹಾಕಿಕೊಂಡ ಅಮ್ಮ ಕೊಡವರು ಅವರ ಕಣ್ಣ ಮುಂದಿನ ಉದಾಹರಣೆ.

ಈ ದೇಶದ ಜಾತಿ ನಿಂತ ನೀರಲ್ಲ, ಅದರೊಳಗೆ ಸದ್ದಿಲ್ಲದ ಚಲನೆಯಿದೆ ಎಂದು ತೋರಿಸಿದ್ದು ಶ್ರೀನಿವಾಸರ ದೊಡ್ಡ ಕಾಣಿಕೆ. ಅನುಕರಣೆಯ ಮಾತನ್ನು ಅವರಿಗಿಂತ 36 ವರ್ಷ ಮೊದಲೇ ಇನ್ನೊಬ್ಬರು ಆಡಿದ್ದರು ಎಂಬುದನ್ನೂ ಇಲ್ಲಿ ಹೇಳಲೇಬೇಕು. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯಲ್ಲಿ, 25 ವರ್ಷದ ಭೀಮರಾವ್ ಅಂಬೇಡ್ಕರ್ ಜಾತಿಯ ಹುಟ್ಟಿನ ಬಗ್ಗೆ ಓದಿದ ಪ್ರಬಂಧದಲ್ಲಿ, ಮೇಲಿನವರು ಬಾಗಿಲು ಮುಚ್ಚಿಕೊಂಡದ್ದನ್ನು ಕಂಡು ಕೆಳಗಿನವರೂ ಹಾಗೆಯೇ ಮಾಡಿದರು ಎಂಬ ವಾದವಿತ್ತು. ಅದಕ್ಕೆ ಅವರು ಫ್ರಾನ್ಸಿನ ಗೇಬ್ರಿಯಲ್ ತಾರ್ದ್‌ನ ಅನುಕರಣೆಯ ಸಿದ್ಧಾಂತದ ಆಧಾರ ಕೊಟ್ಟಿದ್ದರು. ಒಬ್ಬರ ಕಣ್ಣಿಗೆ ಅನುಕರಣೆ ಏರುವ ಏಣಿ, ಇನ್ನೊಬ್ಬರ ಕಣ್ಣಿಗೆ ಅದೇ ಸೆರೆಮನೆಯನ್ನು ಕಟ್ಟಿದ ಇಟ್ಟಿಗೆ. ನನಗೆ ಅಂಬೇಡ್ಕರರ ಮಾತು ಹೆಚ್ಚು ಆಳದ್ದೆನಿಸುತ್ತದೆ. ಆದರೂ ಮುಂದಿನ ಅರ್ಧ ಶತಮಾನ ಪಾಠಪುಸ್ತಕಗಳಲ್ಲಿ ಓಡಾಡಿದ್ದು ಶ್ರೀನಿವಾಸರದ್ದು. ಆಕ್ಸ್‌ಫರ್ಡ್‌ನ ಮುದ್ರಣಾಲಯದಿಂದ ಹೊರಟ ವಿಚಾರಕ್ಕೆ ಎಲ್ಲ ಊರುಗಳ ಗ್ರಂಥಾಲಯವೂ ಬಾಗಿಲು ತೆರೆಯುತ್ತಿದ್ದ ಕಾಲ ಅದು.

ಕೊಡಗಿನಿಂದ ಹೊರಟ ಈ ವಿಚಾರ ನೇಪಾಳಕ್ಕೆ ತಲುಪಿದ ದಾರಿಯೂ ಅಂಥದ್ದೇ. ಮೈಸೂರಿನಿಂದ ಕಠ್ಮಂಡುವಿಗೆ ನೇರ ಹೋದದ್ದಲ್ಲ. ಹೈದರಾಬಾದ್ ಸಂಸ್ಥಾನದ ಗೊಂಡರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ್ದ ಆಸ್ಟ್ರಿಯಾದ ಮಾನವಶಾಸ್ತ್ರಜ್ಞ ಕ್ರಿಸ್ಟೋಫ್ ಫಾನ್ ಫ್ಯೂರರ್-ಹೈಮೆಂಡಾರ್ಫ್, ಲಂಡನ್ನಿನಲ್ಲಿ ಪ್ರಾಧ್ಯಾಪಕರಾಗಿದ್ದಾಗ, 1953ರಲ್ಲಿ ನೇಪಾಳಕ್ಕೆ ಹೋದರು. ಹೊರಗಿನ ವಿದ್ವಾಂಸರಿಗೆ ಆ ದೇಶ ಬಾಗಿಲು ತೆರೆದು ಆಗಿನ್ನೂ ಎರಡು ವರ್ಷ. ನೇಪಾಳ, ಭಾರತ, ಸಿಲೋನ್ ಮೂರೂ ಕಡೆಯ ಜಾತಿ ಮತ್ತು ಬಂಧುತ್ವದ ಬಗ್ಗೆ ಅವರು ಸಂಪಾದಿಸಿದ ಲೇಖನಗಳ ಪುಸ್ತಕ 1966ರಲ್ಲಿ ಬಂತು. ಅದನ್ನು ಪ್ರಕಟಿಸಿದ್ದು ಮುಂಬೈಯ ಏಷ್ಯಾ ಪಬ್ಲಿಷಿಂಗ್ ಹೌಸ್. ನೇಪಾಳದ ಬೆಟ್ಟಗಳ ಮಗರ್, ಗುರುಂಗ್, ಲಿಂಬು, ನೇವಾರ್ ಸಮುದಾಯಗಳನ್ನು ಓದಹೊರಟ ಹಲವರು ಶ್ರೀನಿವಾಸರ ಕನ್ನಡಕ ಹಾಕಿಕೊಂಡೇ ಹೊರಟರು. ಬ್ರಾಹ್ಮಣ ಪುರೋಹಿತರನ್ನು ಕರೆಸುವುದು, ದಸೈಂ ಹಬ್ಬದಲ್ಲಿ ತಿಲಕ ಇಡಿಸಿಕೊಳ್ಳುವುದು, ಕುಲದೇವತೆಗೆ ಪುರಾಣದ ಹೆಸರು ಕೊಡುವುದು ಎಲ್ಲವೂ ಅದರಲ್ಲಿ ಚೆನ್ನಾಗಿಯೇ ಕಂಡವು.

ಕಾಣದೆ ಹೋದದ್ದೂ ಇತ್ತು. ಕೊಡಗಿನಲ್ಲಿ ಯಾರೂ ಅಮ್ಮ ಕೊಡವರಿಗೆ ಜನಿವಾರ ಹಾಕಿಕೊಳ್ಳಿ ಎಂದು ಕಾಯಿದೆ ಮಾಡಿರಲಿಲ್ಲ. ನೇಪಾಳದಲ್ಲಿ ಕಾಯಿದೆಯೇ ಇತ್ತು. ಇಂಗ್ಲೆಂಡ್, ಫ್ರಾನ್ಸ್ ನೋಡಿ ಬಂದ ಪ್ರಧಾನಿ ಜಂಗ್ ಬಹಾದೂರ್ ರಾಣಾ 1854ರಲ್ಲಿ ಜಾರಿಗೆ ತಂದ ಮುಲುಕಿ ಐನ್, ಇಡೀ ದೇಶದ ಜನರನ್ನು ಒಂದೇ ಜಾತಿಶ್ರೇಣಿಯಲ್ಲಿ ಮೇಲಿಂದ ಕೆಳಗೆ ಕೂರಿಸಿತು. ಮೊದಲು ಜನಿವಾರದವರು. ಅವರ ಕೆಳಗೆ ಮದ್ಯ ಕುಡಿಯುವ, ಆದರೆ ಗುಲಾಮರನ್ನಾಗಿ ಮಾಡಬಾರದ ಮಗರ್, ಗುರುಂಗ್‌ನಂಥವರು. ಅವರ ಕೆಳಗೆ ಮದ್ಯ ಕುಡಿಯುವ, ಗುಲಾಮರನ್ನಾಗಿಯೂ ಮಾಡಬಹುದಾದವರು. ಇನ್ನೂ ಕೆಳಗೆ ಯಾರ ಕೈಯ ನೀರನ್ನು ಮುಟ್ಟಬಾರದೋ ಅವರು, ಎಲ್ಲರಿಗಿಂತ ಕೆಳಗೆ ಅಸ್ಪೃಶ್ಯರು. ಒಂದೇ ತಪ್ಪಿಗೆ ಜಾತಿ ನೋಡಿ ಬೇರೆ ಬೇರೆ ಶಿಕ್ಷೆ. ಈ ಭೇದ ಕಾನೂನಿನ ಪುಸ್ತಕದಿಂದ ಹೋಗಿದ್ದು 1963ರಲ್ಲಿ. ಬ್ರಿಟಿಷ್ ಸೇನೆಗೆ ಸೇರಿ ಸಮುದ್ರ ದಾಟಿದ ಗೂರ್ಖಾ ಸಿಪಾಯಿ ತಿರುಗಿ ಬಂದರೆ ‘ಪಾನಿ ಪತಿಯಾ’ ಎಂಬ ಶುದ್ಧಿ ಮಾಡಿಸಿಕೊಳ್ಳಬೇಕಿತ್ತು. ಇಲ್ಲವಾದರೆ ಊರಲ್ಲಿ ಅವನ ಕೈಯ ನೀರು ಯಾರಿಗೂ ಆಗದು. ಬೌದ್ಧ ಲಾಮಾಗಳನ್ನೋ ಬೆಟ್ಟದ ತನ್ನ ದೇವರನ್ನೋ ನಂಬಿದ್ದ ಹುಡುಗನ ಮೇಲೆ, ಫ್ರಾನ್ಸಿನ ಕಂದಕಗಳಲ್ಲಿ ಹೋರಾಡಿ ಬಂದ ತಪ್ಪಿಗೆ, ರಾಜ್ಯವೇ ಹೇರಿದ ಮಡಿ ಅದು. ಇದನ್ನು ಕೆಳಗಿನವರು ತಾವಾಗಿ ಏರಿದ ಏಣಿ ಎನ್ನಲು ಮನಸ್ಸು ಒಪ್ಪುವುದಿಲ್ಲ.

ಮೊದಲು ಇದನ್ನು ಗಟ್ಟಿಯಾಗಿ ಹೇಳಿದ ನೇಪಾಳಿಗಳಲ್ಲಿ ದೋರ್ ಬಹಾದೂರ್ ಬಿಸ್ತ ಮುಖ್ಯರು. ಫ್ಯೂರರ್-ಹೈಮೆಂಡಾರ್ಫ್ ಅವರ ಜೊತೆ ಬೆಟ್ಟ ಹತ್ತಿ ಇಳಿದು ಕೆಲಸ ಕಲಿತವರು, 1967ರಲ್ಲಿ ನೇಪಾಳದ ಜನಸಮುದಾಯಗಳ ಬಗ್ಗೆ ಪುಸ್ತಕ ಬರೆದವರು. 1991ರಲ್ಲಿ ಬಂದ ‘ಫೇಟಲಿಸಂ ಅಂಡ್ ಡೆವಲಪ್‌ಮೆಂಟ್’ ಅವರ ದಿಟ್ಟ ಪುಸ್ತಕ. ಮೇಲಿನಿಂದ ಇಳಿದು ಬಂದ ಬ್ರಾಹ್ಮಣ್ಯದ ಮೌಲ್ಯಗಳು, ಎಲ್ಲವೂ ಹಣೆಬರಹವೆಂಬ ನಂಬಿಕೆ, ‘ನಮ್ಮವರು’ ಇದ್ದರೆ ಮಾತ್ರ ಕೆಲಸವಾಗುತ್ತದೆಂಬ ರೂಢಿ ನೇಪಾಳವನ್ನು ಹಿಂದಕ್ಕೆಳೆದವು, ಅವುಗಳಿಂದ ದೂರ ಉಳಿದ ಬೆಟ್ಟದ ಸಮುದಾಯಗಳಲ್ಲೇ ದುಡಿಮೆಯ ಹುರುಪು ಉಳಿದಿದೆ ಎಂದು ಅವರು ವಾದಿಸಿದರು. ಸಂಸ್ಕೃತೀಕರಣ ಅಲ್ಲಿ ಏರಿಕೆಯಾಗಿರಲಿಲ್ಲ, ನಷ್ಟವಾಗಿತ್ತು. ಸ್ವತಃ ಮೇಲ್ಜಾತಿಯವರಾದ ಬಿಸ್ತ ಹೀಗೆ ಬರೆದದ್ದು ಅವರ ದೇಶದಲ್ಲಿ ಕೋಲಾಹಲ ಎಬ್ಬಿಸಿತು. 1990ರ ದಶಕದ ಮಧ್ಯದಲ್ಲಿ ಅವರು ಪಶ್ಚಿಮ ನೇಪಾಳದ ಕಡೆ ಕಾಣೆಯಾದರು, ಮತ್ತೆ ಪತ್ತೆಯಾಗಲಿಲ್ಲ. ಅವರ ವಾದದಲ್ಲಿ ಅತಿಯೂ ಇದೆ. ಒಂದು ದೇಶದ ಬಡತನವನ್ನೆಲ್ಲ ಮೌಲ್ಯಗಳ ತಲೆಗೆ ಕಟ್ಟಲಾಗದು, ಭೂಮಿ ಯಾರ ಕೈಯಲ್ಲಿತ್ತು, ತೆರಿಗೆ ಯಾರ ಬೊಕ್ಕಸಕ್ಕೆ ಹೋಯಿತು ಎಂದೂ ಕೇಳಬೇಕು. ಆದರೆ ಮೈಸೂರಿನ ವಿಚಾರವನ್ನು ತಿರುವಿ ಹಾಕಿ ಅದರ ಬೆನ್ನು ತೋರಿಸಿದ ಧೈರ್ಯ ಅವರದ್ದು.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯಕರ. 1990ರಲ್ಲಿ ಪ್ರಜಾಪ್ರಭುತ್ವ ಮರಳಿದ ಮೇಲೆ ಜನಜಾತಿಗಳ ಮಹಾಸಂಘ ಕಟ್ಟಲಾಯಿತು. ದಸೈಂ ತಿಲಕ ಬೇಡ ಎಂಬ ಅಭಿಯಾನಗಳು ನಡೆದವು. ಹಿಂದೂ ಎಂದು ಬರೆಸುತ್ತಿದ್ದ ಮಗರರಲ್ಲಿ ಬಹಳ ಜನ 2001ರ ಜನಗಣತಿಯಲ್ಲಿ ಬೌದ್ಧರೆಂದು ಬರೆಸಿದರು. 2002ರ ಕಾಯಿದೆ 59 ಸಮುದಾಯಗಳನ್ನು ಆದಿವಾಸಿ ಜನಜಾತಿಗಳೆಂದು ಪಟ್ಟಿ ಮಾಡಿತು. ಅಜ್ಜಂದಿರು ಹತ್ತಿದ ಏಣಿಯಿಂದ ಮೊಮ್ಮಕ್ಕಳು ಬೇಕೆಂದೇ ಇಳಿದರು. ಇಲ್ಲಿ ಪುಣೆ ಕ್ಯಾಂಪಿನ ಹೋಟೆಲ್ ಅಡುಗೆಮನೆಗಳಲ್ಲಿ, ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ದುಡಿಯುವ ನೇಪಾಳಿಗಳಲ್ಲಿ ಮಗರರೂ ಇದ್ದಾರೆ. ಊರು ಅವರೆಲ್ಲರನ್ನೂ ‘ಬಹಾದೂರ್’ ಎಂದು ಕೂಗಿ ಸುಮ್ಮನಾಗುತ್ತದೆ. ನಮ್ಮ ಬೀದಿಯಲ್ಲಿ ರಾತ್ರಿ ಪಾಳಿಯ ಕಾವಲಿಗಿರುವ ತರುಣನನ್ನು ದಸರೆಯ ಹೊತ್ತಿಗೆ ಊರಿಗೆ ಹೋಗುವುದಿಲ್ಲವೇ ಎಂದು ಕೇಳಿದ್ದೆ. “ಅಜ್ಜಿ ತಿಲಕ ಇಡ್ತಾರೆ ಸಾಹೇಬ್, ಅಪ್ಪ ಬಿಟ್ಟುಬಿಟ್ಟಿದ್ದಾರೆ. ನಾನು ಅಜ್ಜಿಗೋಸ್ಕರ ಹೋಗ್ತೀನಿ” ಎಂದ. ಮೂರು ತಲೆಮಾರಿನ ಸಮಾಜಶಾಸ್ತ್ರ ಅಷ್ಟು ಮಾತಿನಲ್ಲಿತ್ತು.

ಶ್ರೀಲಂಕಾದ ಕಥೆ ಬೇರೆ. ಅಲ್ಲಿಯ ಸಿಂಹಳರಲ್ಲಿ ಜಾತಿಯಿದೆ, ಬ್ರಾಹ್ಮಣರಿಲ್ಲ. ಮೇಲಿನ ಜಾತಿಯಾದ ಗೋವಿಗಮರೇ, ಅಂದರೆ ಬೇಸಾಯಗಾರರೇ, ಸಂಖ್ಯೆಯಲ್ಲೂ ಹೆಚ್ಚು. ಶ್ರೀನಿವಾಸರು ಮೈಸೂರು ಸೀಮೆಯ ರಾಮಪುರವೆಂಬ ಹಳ್ಳಿಯ ಒಕ್ಕಲಿಗರನ್ನು ನೋಡಿ ರೂಪಿಸಿದ ‘ಪ್ರಬಲ ಜಾತಿ’ಯ ಕಲ್ಪನೆ ಅಲ್ಲಿ ಚೆನ್ನಾಗಿ ಹೊಂದುತ್ತದೆ. ಏರುವ ದಾರಿಯ ವಿಷಯಕ್ಕೆ ಬಂದರೆ ಬೇರೆಯೇ ಚಿತ್ರ. 18ನೇ ಶತಮಾನದ ಉತ್ತರಾರ್ಧದಲ್ಲಿ ಕ್ಯಾಂಡಿಯ ಸಿಯಾಂ ನಿಕಾಯವೆಂಬ ಭಿಕ್ಷು ಸಂಘ ಗೋವಿಗಮರಿಗೆ ಮಾತ್ರ ಉನ್ನತ ಭಿಕ್ಷು ದೀಕ್ಷೆ ಕೊಡುವುದೆಂದಾಯಿತು. ದಾಲ್ಚಿನ್ನಿ ಸುಲಿಯುವ ಕಸುಬಿನ ಸಲಾಗಮ ಜಾತಿಯವರು ಇದಕ್ಕೆ ತಲೆಬಾಗಲಿಲ್ಲ. ಅವರ ಭಿಕ್ಷುಗಳು ಹಡಗು ಹತ್ತಿ ಬರ್ಮಾಕ್ಕೆ ಹೋಗಿ ಅಮರಪುರದಲ್ಲಿ ದೀಕ್ಷೆ ಪಡೆದರು, 1803ರಲ್ಲಿ ಮರಳಿ ತಮ್ಮದೇ ಅಮರಪುರ ನಿಕಾಯವನ್ನು ಸ್ಥಾಪಿಸಿದರು. ಮೇಲಿನವರನ್ನು ಅನುಕರಿಸದೆ, ಅವರ ಅಪ್ಪಣೆಯೂ ಇಲ್ಲದೆ, ನೆರೆಯ ದೇಶದಿಂದ ಮಾನ್ಯತೆ ತಂದ ಈ ಜಾತಿಯನ್ನು ನಮ್ಮ ಪಾಠಪುಸ್ತಕಗಳ ಸಂಸ್ಕೃತೀಕರಣದ ಅಧ್ಯಾಯ ಎಲ್ಲಿ ಕೂರಿಸುತ್ತದೆ? ಅಲ್ಲಿಯ ಮಾನವಶಾಸ್ತ್ರಜ್ಞ ಗಣನಾಥ ಒಬೇಶೇಖರರು 1970ರಲ್ಲಿ ‘ಪ್ರೊಟೆಸ್ಟಂಟ್ ಬೌದ್ಧಧರ್ಮ’ದ ಮಾತೆತ್ತಿದಾಗ ಅವರ ಮುಂದಿದ್ದದ್ದು ಇನ್ನೂ ಮುಂದಿನ ಘಟ್ಟ: ವಸಾಹತು ಕಾಲದ ಮಧ್ಯಮವರ್ಗ ಮಿಷನರಿಗಳ ಜೊತೆ ಜಗಳವಾಡುತ್ತಲೇ ಅವರ ರೀತಿಯಲ್ಲಿ ಬೌದ್ಧಧರ್ಮವನ್ನು ಹೊಸದಾಗಿ ಕಟ್ಟಿಕೊಂಡದ್ದು. ನಮ್ಮ 19ನೇ ಶತಮಾನದ ಸುಧಾರಣಾ ಸಭೆಗಳನ್ನು, ಪುಣೆಯ ಪೇಠೆಗಳಲ್ಲೇ ನಡೆದ ಅಷ್ಟೊಂದು ವಾದಗಳನ್ನು, ಆ ಬೆಳಕಿನಲ್ಲಿ ಓದಿದರೆ ಎಷ್ಟೋ ಹೊಸದು ಕಾಣುತ್ತದೆ.

(ಅಮರಪುರ ಇರುವುದು ಐರಾವತಿ ನದಿಯ ದಡದಲ್ಲಿ. ಅದೇ ನದಿಯ ಮಿಂಜಾನ್‌ನಲ್ಲಿ 1905ರಲ್ಲಿ ಒಂದು ಹೆಣ್ಣುಮಗು ಹುಟ್ಟಿತು, ನದಿಯ ಹೆಸರನ್ನೇ ಅದಕ್ಕಿಟ್ಟರು. ಆಕೆ ಇರಾವತಿ ಕರ್ವೆ. ಶ್ರೀನಿವಾಸರಂತೆಯೇ ಘುರ್ಯೆಯವರ ಶಿಷ್ಯೆ. ಕ್ಯಾಂಪಿನಿಂದ ನದಿ ದಾಟಿದರೆ ಸಿಗುವ ಯೆರವಡಾದ ಡೆಕ್ಕನ್ ಕಾಲೇಜಿನಲ್ಲಿ ದಶಕಗಟ್ಟಲೆ ಪಾಠ ಹೇಳಿ, ಉತ್ತರ ದಕ್ಷಿಣಗಳ ಬಂಧುತ್ವವನ್ನು ಪಕ್ಕಪಕ್ಕ ಇಟ್ಟು 1953ರಲ್ಲಿ ಪುಸ್ತಕ ಕೊಟ್ಟವರು. ಸೋದರಮಾವನನ್ನು ಮದುವೆಯಾಗುವ ನಮ್ಮ ಕಡೆಯ ಪದ್ಧತಿಯನ್ನು ಬೆರಗಿಲ್ಲದೆ, ಹೀಗಳೆಯದೆ ವಿವರಿಸಿದ ಅವರ ಬಗ್ಗೆ ಕನ್ನಡಿಗರು ಇನ್ನಷ್ಟು ತಿಳಿಯಬೇಕು.)

ಪಶ್ಚಿಮದ ನೆರೆಯಾದ ಪಾಕಿಸ್ತಾನದಲ್ಲಿ ಜಾತಿಯ ಮಾತೆತ್ತುವುದೇ ಕಷ್ಟ. ಧರ್ಮದಲ್ಲಿ ಅದಿಲ್ಲ ಎಂಬ ಉತ್ತರ ಮೊದಲು ಬರುತ್ತದೆ. ಆದರೂ ಉಪಖಂಡದ ಮುಸ್ಲಿಮರಲ್ಲಿ ಮೇಲಿನ ಅಶ್ರಾಫ್, ಕೆಳಗಿನ ಅಜ್ಲಾಫ್ ಎಂಬ ಭೇದವನ್ನು ಕಂಡ ಸಮಾಜಶಾಸ್ತ್ರಜ್ಞರು, ಕೈಕಸುಬಿನ ಕುಟುಂಬ ಅನುಕೂಲ ಬಂದ ಮೇಲೆ ಶೇಖ್ ಆಗುವುದನ್ನು, ಶೇಖ್ ಸೈಯದ್ ಆಗುವುದನ್ನು, ಶ್ರೀನಿವಾಸರ ಮಾದರಿಯಲ್ಲೇ ‘ಅಶ್ರಫೀಕರಣ’ ಎಂದು ಗುರುತಿಸಿದರು. ಶ್ರೀನಿವಾಸರು 1955ರ ಲೇಖನವೊಂದರಲ್ಲಿ ಮೈಸೂರು ಸೀಮೆಯ ಹಳ್ಳಿಯ ಗೌಡನ ಹಿಡಿತದಲ್ಲಿರುವ ಮತಗಳನ್ನು ಕುರಿತು ಬಳಸಿದ ‘ವೋಟ್ ಬ್ಯಾಂಕ್’ ಇಂದು ಲಾಹೋರ್, ಢಾಕಾ, ಕಠ್ಮಂಡುಗಳ ಪತ್ರಿಕೆಗಳಲ್ಲಿ ದಿನನಿತ್ಯ ಬರುತ್ತದೆ. ಅದು ರಾಮಪುರದ ಮನೆ ಜಗುಲಿಯಿಂದ ಎದ್ದು ಬಂದದ್ದೆಂದು ಅಲ್ಲಿ ಯಾರಿಗೂ ತಿಳಿದಿರಬೇಕಿಲ್ಲ. ವಿಚಾರವೊಂದು ನಿಜವಾಗಿ ನೆಲೆಯೂರಿದ ಗುರುತೇ ಅದು.

ಆ ಕಡೆಯಿಂದ ಬಂದದ್ದಕ್ಕೂ ಲೆಕ್ಕವಿದೆ. 1921ರಲ್ಲಿ ಕರಾಚಿಯಲ್ಲಿ ಹುಟ್ಟಿದ ಹಂಝಾ ಅಲವಿ ಭಾರತದ ರಿಸರ್ವ್ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದವರು, ವಿಭಜನೆಯಾದ ಮೇಲೆ ಪಾಕಿಸ್ತಾನದ ಸ್ಟೇಟ್ ಬ್ಯಾಂಕ್ ಕಟ್ಟಿದವರಲ್ಲೊಬ್ಬರು, ಕೊನೆಗೆ ಇಂಗ್ಲೆಂಡಿನಲ್ಲಿ ಸಮಾಜಶಾಸ್ತ್ರದ ಮೇಷ್ಟ್ರು. ಬಾಂಗ್ಲಾದೇಶ ಬೇರೆಯಾದ ಮರುವರ್ಷ, 1972ರಲ್ಲಿ ಬರೆದ ಲೇಖನದಲ್ಲಿ, ವಸಾಹತು ಬಿಟ್ಟುಹೋದ ಸೇನೆ ಮತ್ತು ಅಧಿಕಾರಶಾಹಿ ಸಮಾಜಕ್ಕಿಂತ ದೊಡ್ಡದಾಗಿ ಬೆಳೆದದ್ದೇ ಪಾಕಿಸ್ತಾನದ ಸಂಕಟದ ಮೂಲ ಎಂದರು. 1975ರಲ್ಲಿ ಭಾರತದ ಕೃಷಿ ಮತ್ತು ವಸಾಹತು ಕುರಿತ ಅವರ ಲೇಖನ ಮುಂಬೈಯಿಂದ ಹೊರಡುತ್ತಿದ್ದ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬಂತು. ಅದು ನಮ್ಮಲ್ಲಿ ತುರ್ತುಪರಿಸ್ಥಿತಿಯ ವರ್ಷ. ಕಾರ್ಯಾಂಗ ಬೆಳೆದು ಸಮಾಜದ ಮೇಲೆ ಕೂರುವುದನ್ನು ಪಾಕಿಸ್ತಾನಿ ಲೇಖಕನೊಬ್ಬನಿಂದ ಕಲಿಯಬಹುದಾಗಿದ್ದ ವರ್ಷ. ಕಲಿತವರು ಕೆಲವರೇ. ಈಗ ಪರಿಸ್ಥಿತಿ ಇನ್ನೂ ಬಿಗಿಯಾಗಿದೆ. 2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನದ ಅಂಚೆಯನ್ನೇ ನಿಲ್ಲಿಸಿತು. ಲಾಹೋರಿನ ಪುಸ್ತಕವೊಂದು ಪುಣೆಗೆ ಬರಬೇಕಾದರೆ ಲಂಡನ್ನಿನ ಯಾವುದೋ ಪ್ರಕಾಶಕರ ಗೋದಾಮು ಬಳಸಿ ಬರಬೇಕು. ಈ ಸುತ್ತುದಾರಿಯ ಬಗ್ಗೆ ನನಗೆ ದುಃಖವಿದೆ. ಪುಸ್ತಕ ತಡವಾಗುವುದು ಸಣ್ಣ ಮಾತು. ಮೂರನೆಯವರ ಕೈಯಿಂದ ದಾಟಿ ಬರುವ ವಿಚಾರ ಅವರ ಪ್ರಶ್ನೆಗಳಿಗೆ ಉತ್ತರವಾಗಿ ಬರುತ್ತದೆ, ನಮ್ಮ ಪ್ರಶ್ನೆಗಳಿಗಲ್ಲ.

ಸುತ್ತುದಾರಿ ಬಿಟ್ಟು ಸ್ವಂತ ಕಾಲಲ್ಲಿ ನಡೆದವರೊಬ್ಬರು ಇದ್ದರು. ಅಂಬೇಡ್ಕರ್ 1950ರಲ್ಲಿ ವಿಶ್ವ ಬೌದ್ಧ ಸಮ್ಮೇಳನಕ್ಕೆ ಶ್ರೀಲಂಕಾಕ್ಕೆ ಹೋದರು, 1954ರಲ್ಲಿ ರಂಗೂನಿಗೆ, 1956ರ ನವೆಂಬರಿನಲ್ಲಿ, ಸಾಯುವ ಕೆಲವೇ ದಿನ ಮೊದಲು, ಕಠ್ಮಂಡುವಿಗೆ. ರಂಗೂನಿನಿಂದ ಬಂದ ಬುದ್ಧನ ಮೂರ್ತಿಯನ್ನು 1954ರ ಡಿಸೆಂಬರ್ 25ರಂದು ದೇಹು ರೋಡಿನಲ್ಲಿ ಅವರೇ ಪ್ರತಿಷ್ಠಾಪಿಸಿದರು. ಪುಣೆ ಸ್ಟೇಷನ್ನಿನಿಂದ ಲೋನಾವಳಾ ಲೋಕಲ್ ಹತ್ತಿದರೆ ದೇಹು ರೋಡ್ ಒಂದು ಸ್ಟಾಪು. ಜಾತಿಯಿಂದ ಹೊರಬರುವ ದಾರಿಯನ್ನು ಅವರು ಪುಸ್ತಕದಲ್ಲಷ್ಟೇ ಹುಡುಕಲಿಲ್ಲ. ಸಿಂಹಳದಲ್ಲಿ, ಬರ್ಮಾದಲ್ಲಿ ಬೌದ್ಧ ಸಮಾಜಗಳು ಹೇಗೆ ಬದುಕುತ್ತಿವೆ ಎಂದು ಕಣ್ಣಾರೆ ಕಂಡು ತಮ್ಮ ತೀರ್ಮಾನ ತೆಗೆದುಕೊಂಡರು. ಮುಂದಿನ ದಶಕಗಳಲ್ಲಿ ನೇಪಾಳದ ದಲಿತ ಚಳವಳಿಗಾರರು ಅಂಬೇಡ್ಕರರನ್ನು ತಮ್ಮವರೆಂದು ಓದಿದ್ದರ ಹಿಂದೆ ಈ ನಡಿಗೆಯೂ ಇದೆ.

ಶ್ರೀನಿವಾಸರ ವಿಚಾರ ಹೀಗೆ ನೆರೆಯ ದೇಶಗಳಿಗೆ ಹೋಗಿ, ಅಲ್ಲಿ ತಿದ್ದಿಸಿಕೊಂಡಿತು. ತಿದ್ದುಪಡಿ ಮಾತ್ರ ಮರಳಿ ನಮ್ಮ ತರಗತಿಗೆ ಬರಲಿಲ್ಲ. ಅವರು ಬದುಕಿದ್ದಾಗಲೇ, 1966ರ ಪುಸ್ತಕದಲ್ಲಿ, ಮೇಲೇರಲು ಬ್ರಾಹ್ಮಣರ ಮಾದರಿಯೊಂದೇ ಇಲ್ಲ, ಕ್ಷತ್ರಿಯರ, ವೈಶ್ಯರ, ಪ್ರಬಲ ಜಾತಿಗಳ ಮಾದರಿಯೂ ಇದೆ ಎಂದು ತಮ್ಮ ಮಾತನ್ನು ತಾವೇ ವಿಸ್ತರಿಸಿಕೊಂಡಿದ್ದರು. ತಿದ್ದಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ. ಅವರ ನಂತರದವರಾದ ನಮಗೇಕೆ?

ಕೊಡಗಿನಲ್ಲೇ ಇಂದು ಇದರ ಅಗತ್ಯವಿದೆ. ಕೊಡವರಲ್ಲಿ ಒಂದು ವರ್ಗ ಬಹು ವರ್ಷಗಳಿಂದ ಪರಿಶಿಷ್ಟ ಪಂಗಡದ ಮಾನ್ಯತೆ ಕೇಳುತ್ತಿದೆ. ತಮ್ಮದು ಬೇರೆಯೇ ಭಾಷೆ, ಬೇರೆಯೇ ಆಚಾರ, ಪುರೋಹಿತರಿಲ್ಲದ ಕರ್ಮಗಳ, ಹಿರಿಯರ ಆರಾಧನೆಯ ಸಮುದಾಯ ಎಂದು ವಾದಿಸುತ್ತಿದೆ. ಇದನ್ನು ಒಪ್ಪದ ಕೊಡವರೂ ಇದ್ದಾರೆ, ಕೊಡಗಿನ ಇತರ ಸಮುದಾಯಗಳಿಗೆ ತಮ್ಮದೇ ಆತಂಕಗಳಿವೆ. ಯರವ, ಕುರುಬ ಆದಿವಾಸಿಗಳ ಮಾತನ್ನಂತೂ ಈ ಚರ್ಚೆಯಲ್ಲಿ ಮೊದಲು ಕೇಳಬೇಕು. ಯಾರ ಪಕ್ಷ ಸರಿ ಎಂದು ಪುಣೆಯಲ್ಲಿ ಕೂತು ನಾನು ತೀರ್ಪು ಕೊಡುವವನಲ್ಲ. ಆದರೆ 1952ರ ಪುಸ್ತಕವನ್ನು ಮಾತ್ರ ಹಿಡಿದು ಈ ಬೇಡಿಕೆಯನ್ನು ನೋಡಿದರೆ ಅದು ಅರ್ಥವೇ ಆಗುವುದಿಲ್ಲ. ಮೇಲೇರುತ್ತಿದ್ದವರು ಏಕೆ ಇಳಿಯಲು ಬಯಸುತ್ತಾರೆ, ಅದರಲ್ಲಿ ಸ್ವಾಭಿಮಾನ ಎಷ್ಟು, ಮೀಸಲಾತಿಯ ಲೆಕ್ಕ ಎಷ್ಟು, ನೆಲ ಕೈಬಿಡುವ ಭಯ ಎಷ್ಟು ಎಂಬ ಪ್ರಶ್ನೆಗಳನ್ನು ನೇಪಾಳದ ಮಗರರು, ಲಿಂಬುಗಳು, ಅವರನ್ನು ಅಧ್ಯಯನ ಮಾಡಿದ ಕಠ್ಮಂಡುವಿನ ವಿದ್ವಾಂಸರು ಮೂವತ್ತು ವರ್ಷಗಳಿಂದ ಎದುರಿಸುತ್ತಿದ್ದಾರೆ. ಅಲ್ಲಿ ಜನಜಾತಿ ಪಟ್ಟಿಗೆ ಯಾರು ಸೇರಬೇಕು ಎಂಬ ಜಗಳವೂ ನಡೆದಿದೆ, ಪಟ್ಟಿ ಸೇರಿದ ಮೇಲೆ ಒಳಗಿನ ಬಡವರಿಗೆ ಸಿಕ್ಕಿದ್ದೇನು ಎಂಬ ಪ್ರಶ್ನೆಯೂ ಎದ್ದಿದೆ.

ಮಡಿಕೇರಿಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದುವ ಹುಡುಗಿಗೆ ಬಿಸ್ತ ಅವರ ಪುಸ್ತಕ ಕನ್ನಡದಲ್ಲಿ ಕೈಗೆ ಸಿಗಬೇಕು. ಒಬೇಶೇಖರರ ಒಂದೆರಡು ಲೇಖನ, ಅಲವಿಯವರ 1972ರ ಬರಹ ಅದರ ಜೊತೆಗಿರಲಿ. ನಮ್ಮ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಅನುವಾದಕ್ಕೆಂದೇ ಇರುವ ಭಾಷಾ ಭಾರತಿ ಪ್ರಾಧಿಕಾರ ಮನಸ್ಸು ಮಾಡಿದರೆ ಇದು ದೊಡ್ಡ ಖರ್ಚಿನ ಕೆಲಸವಲ್ಲ. ಆ ಹುಡುಗಿ ತನ್ನ ಐನ್‌ಮನೆಯ ಹಿರಿಯರ ಮುಂದೆ ನೋಟ್‌ಬುಕ್ ಹಿಡಿದು ಕೂತಾಗ ಕೇಳುವ ಪ್ರಶ್ನೆಗಳು ಶ್ರೀನಿವಾಸರು ಕೇಳಿದವುಗಳಿಗಿಂತ ಬೇರೆಯಾಗಿರುತ್ತವೆ, ಆಕೆಗೆ ಸಿಗುವ ಉತ್ತರಗಳೂ.